ಬೊಳ್ಳಿಯ ಬಯಕೆ

ಕಲ್ಯಾಣ್, ತಬೇಲಾದ ಕೋಣೆಯಿಂದ
೮ ಡಿಸೆಂಬರ್ ೨೦೧೨, ಶನಿವಾರ ಮಧ್ಯಾಹ್ನ

ರಂಜನನ ಪಪ್ಪನಿಗೆ ರತ್ನಾವತಿ ಬರೆಯುವುದು.

ಕಾಗದ ನೋಡಿ ಗಾಬರಿ ಆಗಬೇಡಿ, ನಾನು ಗಟ್ಟಿಯಾಗಿಯೇ ಇದ್ದೇನೆ. ಫೋನು ಇರುವಾಗ ಕಾಗದ ಯಾಕೆ ಅಂತ ನೀವು ಗಲ್ಲಾದಲ್ಲಿ ಕೂತು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಫೋನಿನಲ್ಲಾದರೆ ನಾವು ತುಳುವಿನಲ್ಲಿ ಮಾತಾಡುತ್ತೇವೆ, ತುಳುವಿನಲ್ಲಾದರೆ ಎರಡನೇ ಮಾತಿಗೇ ಜಗಳ. ಕನ್ನಡದಲ್ಲಿ ಬರೆಯಲು ಕೂತರೆ ನನ್ನ ಬಾಯಿಗೂ ಸ್ವಲ್ಪ ಮರ್ಯಾದೆ ಬರುತ್ತದೆ. ಮತ್ತೆ, ಗಿರಾಕಿ ಬಂದರು ಇಡು ಅಂತ ನನ್ನ ಮಾತನ್ನು ನಡುವೆ ಕತ್ತರಿಸಲು ನಿಮಗೆ ಆಗುವುದಿಲ್ಲ.

ವಿಷಯ ಇಷ್ಟೇ. ಸೋಮವಾರ ದಲಾಲಿ ಬಂದು ಉಳಿದ ಮೂರು ದನಗಳನ್ನೂ ಕೊಂಡುಹೋಗುತ್ತಾನೆ ಅಂತ ಟೆಂಪೊದ ಕಿಟ್ಟಣ್ಣನ ಹತ್ತಿರ ಹೇಳಿ ಕಳಿಸಿದ್ದೀರಿ. ಕಟ್ಟಿಕೊಂಡ ಹೆಂಡತಿಗೆ ನೇರ ಹೇಳುವ ಧೈರ್ಯ ಬರಲಿಲ್ಲ. ಇರಲಿ. ಆ ದನಗಳನ್ನು ಕಳಿಸಬೇಡಿ. ಮುತ್ತು ಗಬ್ಬ ಇದೆ, ಸಂಪಿಗೆಯೂ ಗಬ್ಬ ಇದೆ. ನಿನ್ನೆ ಡಾಕ್ಟರ್ ಭುಜಂಗ ಬಂದು ಕೈ ಹಾಕಿ ನೋಡಿ ಹೇಳಿದರು. ಇದು ನಿಮಗೆ ಗೊತ್ತಿಲ್ಲದ ವಿಷಯ, ಅದಕ್ಕೇ ಮೊದಲು ಬರೆದೆ.

ಉಳಿದದ್ದೆಲ್ಲ ಗೊತ್ತಿದೆ ಅನ್ನುತ್ತೀರಿ. ಗೊತ್ತಿದೆ, ಗಲ್ಲಾದ ಬದಿಯಿಂದ. ದನದ ಬಾನಿಯ ಬದಿಯಿಂದ ನಾನು ಹೇಳುತ್ತೇನೆ, ಒಂದು ಸಲ ಪೂರ್ತಿ ಕೇಳಿ.

ಥಾಣೆಯ ವರ್ತಕ ನಗರದ ನಮ್ಮ ಹೊಟೇಲಿಗೆ ಜನ ಬರುವುದೇ ಕಾಫಿಗೆ. ಪ್ಯಾಕೆಟ್ ಹಾಲಿನಲ್ಲಿ ಆ ಕಾಫಿ ಬರುವುದಿಲ್ಲ ಅಂತ ನೀವು ಹಠ ಹಿಡಿದಿರಿ, ಕಲ್ಯಾಣದ ಆಚೆ ಈ ಜಾಗ ಹಿಡಿದು ದನಗಳ ತಬೇಲಾ ಮಾಡಿದಿರಿ, ಜರ್ಸಿ ಮಿಶ್ರದ ದನಗಳನ್ನು ತಂದಿರಿ. ಹಾಲು ಕರೆಯಲು ಗುಲ್ಬರ್ಗದ ಮಹಾದೇವಪ್ಪ ಸಿಕ್ಕಿದ. ನಿಂತು ನೋಡಿಕೊಳ್ಳುವವರು ಯಾರು ಅನ್ನುವ ಮಾತು ಬಂದಾಗ ನೀವೂ ರಂಜನನೂ ನನ್ನ ಮುಖ ನೋಡಿದಿರಿ. ನಾನು ಬಂದೆ. ಬಂದದ್ದಕ್ಕೆ ಬೇಜಾರಿಲ್ಲ. ಥಾಣೆಯ ಮನೆಯಲ್ಲಿ ನಾನು ಯಾರಿಗಾಗಿ ಅಡಿಗೆ ಮಾಡುವುದು, ನೀವು ಮೂರು ಹೊತ್ತೂ ಹೊಟೇಲಿನಲ್ಲೇ ಉಣ್ಣುವವರು. ಇಲ್ಲಿ ನಾನು ಎದ್ದು ಬಂದರೆ ತಿರುಗಿ ನೋಡುವ ಜೀವಗಳಿದ್ದವು.

ಹೊಟೇಲಿನ ಒಂದು ಅಗುಳೂ ದಂಡ ಆಗಬಾರದು ಅನ್ನುವುದು ನಿಮ್ಮ ವ್ರತ. ಒಳ್ಳೆಯದೇ. ತರಕಾರಿ ಸಿಪ್ಪೆ ಬಂತು, ಅಕ್ಕಿ ತೊಳೆದ ನೀರು ಬಂತು. ಆಮೇಲೆ ವಡೆ, ಬೋಂಡ ಕರಿದು ಉಳಿದ ಎಣ್ಣೆಯೂ ಟಿನ್ನು ತುಂಬಿ ಬಂತು. ಕಪ್ಪು, ಅಂಟಂಟು, ಮುಚ್ಚಳ ತೆಗೆದರೆ ಕಮಟು. ಊರಿನಲ್ಲಿ ನಿಮ್ಮ ಅಮ್ಮ ಕರು ಹಾಕಿದ ದನಕ್ಕೆ ಬಿದಿರಿನ ಗೊಟ್ಟದಲ್ಲಿ ಎಳ್ಳೆಣ್ಣೆ ಕುಡಿಸುತ್ತಿದ್ದರು, ನೀವು ಅದನ್ನೇ ಹಿಡಿದುಕೊಂಡಿರಿ. ಕೊಬ್ಬು ಒಳಗೆ ಹೋದರೆ ಹಾಲಿನಲ್ಲಿ ಕೊಬ್ಬು ಬರುತ್ತದೆ ಅಂದಿರಿ. ಅತ್ತೆ ಕೊಡುತ್ತಿದ್ದದ್ದು ಗಾಣದ ಎಣ್ಣೆ, ಅದೂ ಬಾಣಂತಿ ದನಕ್ಕೆ ಮಾತ್ರ, ಒಂದೇ ಗೊಟ್ಟ. ನೀವು ಕೊಡಿಸಿದ್ದು ದಿನಾ, ಬೂಸಾ ತೊಯ್ದು ತೊಟ್ಟಿಕ್ಕುವಷ್ಟು.

ಹಾಲು ದಪ್ಪ ಆಗಲಿಲ್ಲ, ತೆಳ್ಳಗಾಯಿತು. ತೆಳ್ಳಗಾಯಿತು ಅಂತ ನೀವು ಎಣ್ಣೆ ಹೆಚ್ಚಿಸಿದಿರಿ, ಇನ್ನೂ ತೆಳ್ಳಗಾಯಿತು. ಮಹಾದೇವಪ್ಪ ನೀರು ಸೇರಿಸುತ್ತಾನೆ ಅಂತ ಹೊಟೇಲಿಗೆ ಕರೆಸಿ ಗಿರಾಕಿಗಳ ಎದುರೇ ಅವನ ಮೇಲೆ ಹಾರಾಡಿದಿರಿ. ಆ ಮನುಷ್ಯ ಅವತ್ತು ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. ದನಗಳು ಮೆಲುಕು ಹಾಕುವುದೇ ಕಡಿಮೆ ಆಯಿತು. ಬೆದೆಗೆ ಬರುತ್ತಿದ್ದವು, ಡಾಕ್ಟರು ಗಬ್ಬದ ಇಂಜೆಕ್ಷನ್ ಹಾಕಿ ಹೋಗುತ್ತಿದ್ದರು, ಗಬ್ಬ ನಿಲ್ಲುತ್ತಿರಲಿಲ್ಲ. ನಿಂತ ಒಂದು, ತುಂಬೆ, ಅರ್ಧಕ್ಕೇ ಕಂದು ಹಾಕಿತು, ಗರ್ಭದ ಕಸ ಬೀಳದೆ ಜ್ವರ ಬಂದು ನರಳಿತು. ನೀವು ಅದಕ್ಕೆ ಗೊಡ್ಡು ಅಂತ ಹೆಸರಿಟ್ಟು ದಲಾಲಿಗೆ ಕೊಟ್ಟಿರಿ. ಅದರ ಹೊಟ್ಟೆಗೆ ಏನು ಹೋಗಿತ್ತು ಅಂತ ಯಾರೂ ಕೇಳಲಿಲ್ಲ.

ಡಾಕ್ಟರ್ ಭುಜಂಗ ನಿಮಗೂ ಹೇಳಲು ಬಂದಿದ್ದರು, ನೀವು ಕಾಫಿ ಕುಡಿಸಿ ಕಳಿಸಿದಿರಿ. ನನಗೆ ಅವರು ಕೂತು ಬಿಡಿಸಿ ಹೇಳಿದರು. ದನದ ಹೊಟ್ಟೆಯ ಮೊದಲ ಚೀಲ ನಮ್ಮ ಇಡ್ಲಿ ಹಿಟ್ಟಿನ ಪಾತ್ರೆಯ ಹಾಗೆ. ಒಳಗೆ ಕಣ್ಣಿಗೆ ಕಾಣದ ಕ್ರಿಮಿಗಳು ಹುಲ್ಲನ್ನು ಹುದುಗಿಸಿ ಕರಗಿಸುತ್ತವೆ. ಹಾಲಿನ ಕೊಬ್ಬು ಬಹಳಷ್ಟು ಹುಟ್ಟುವುದು ಆ ಹುಲ್ಲಿನಿಂದಲೇ. ಮೇಲಿಂದ ಎಣ್ಣೆ ಸುರಿದರೆ ಹುಲ್ಲಿಗೆಲ್ಲ ಎಣ್ಣೆ ಬಳಿದುಕೊಂಡು ಆ ಕ್ರಿಮಿಗಳು ಸಾಯುತ್ತವೆ, ಹುಲ್ಲು ಹಾಗೇ ಉಳಿಯುತ್ತದೆ, ಹಾಲು ತೆಳ್ಳಗಾಗುತ್ತದೆ. ದನ ತಿಂದೂ ಉಪವಾಸ. ಉಪವಾಸ ಇರುವ ಮೈಯಲ್ಲಿ ಗರ್ಭ ನಿಲ್ಲುವುದು ಕಷ್ಟ. ಕರಿದು ಕರಿದು ಸುಟ್ಟ ಎಣ್ಣೆಯಂತೂ ಗರ್ಭ ಕಾಯುವ ಸತ್ವವನ್ನೇ ತಿಂದುಹಾಕುತ್ತದೆ.

ಹಾಗಂತ ಕೊಬ್ಬೇ ಬೇಡ ಅಂತ ಅವರು ಹೇಳಲಿಲ್ಲ. ಕರು ಹಾಕಿ ಮೈ ಇಳಿದ ದನಕ್ಕೆ ಕೊಬ್ಬು ಬೇಕು, ಇಲ್ಲದಿದ್ದರೆ ಅದು ಬೆದೆಗೇ ಬರುವುದಿಲ್ಲ. ಯಾವ ಕೊಬ್ಬು, ಎಷ್ಟು ಅನ್ನುವುದೇ ಮುಖ್ಯ. ಮೊದಲ ಚೀಲದಲ್ಲಿ ಬಿಚ್ಚಿಕೊಳ್ಳದೆ ಮುಂದಕ್ಕೆ ಹೋಗುವ ಕೊಬ್ಬಿನ ಪುಡಿ ಬರುತ್ತದೆ, ಅದು ಸ್ವಲ್ಪ. ಜೊತೆಗೆ ಕುಟ್ಟಿದ ಅಗಸೆ, ಅದೂ ಸ್ವಲ್ಪ. ಅಗಸೆಯ ಕೊಬ್ಬಿನಲ್ಲಿ ಇರುವ ಒಂದು ಜಾತಿಯ ಆಮ್ಲ, ಹೊಸದಾಗಿ ನಿಂತ ಗರ್ಭವನ್ನು ಮೈ ಹೊರಗೆ ತಳ್ಳದ ಹಾಗೆ ತಡೆಯುತ್ತದಂತೆ. ಎಲ್ಲ ದನಕ್ಕೂ ಹಾಗೇ ಆಗುತ್ತದೆ ಅಂತ ಬರೆದುಕೊಡಲಾರೆ ಅಂತಲೂ ಅಂದರು. ಹಾಗೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು.

ಹೋಳಿ ಕಳೆದ ಮೇಲೆ ನಾನು ಎಣ್ಣೆ ನಿಲ್ಲಿಸಿದೆ. ನಿಮಗೆ ಹೇಳಲಿಲ್ಲ. ಹೇಳಿದ್ದರೆ ನೀವು ಬಿಡುತ್ತಿರಲಿಲ್ಲ, ಅದಕ್ಕೆ ಹೇಳಲಿಲ್ಲ. ಬಂದ ಟಿನ್ನೆಲ್ಲ ಉಲ್ಲಾಸನಗರದ ಸಾಬೂನಿನವನಿಗೆ ಹೋಗುತ್ತಿತ್ತು, ಅವನು ಬದಲಿಗೆ ಬಟ್ಟೆ ಒಗೆಯುವ ಸಾಬೂನಿನ ಬಾರು ಕೊಡುತ್ತಿದ್ದ. ಗಲ್ಲಾದಲ್ಲಿ ಕೂರುವ ನಿಮ್ಮ ಬಿಳಿ ಅಂಗಿಗಳನ್ನು ಇಷ್ಟು ದಿನ ಒಗೆದದ್ದು ನಿಮ್ಮದೇ ವಡೆ ಎಣ್ಣೆಯಲ್ಲಿ. ಆಗೆಲ್ಲ ನಾನೂ ಮಹಾದೇವಪ್ಪನೂ ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ದನಗಳು ಮತ್ತೆ ಮೆಲುಕು ಹಾಕಿದವು. ಹಾಲು ದಪ್ಪ ಆಯಿತು, ಕೆನೆ ಕಟ್ಟಿತು. ಬೊಳ್ಳಿ ಒಂದೇ ಇಂಜೆಕ್ಷನಿಗೆ ನಿಂತಿತು. ನೀವು ಬಂದು ಅದರ ಹೊಟ್ಟೆ ಸವರಿ, ನೋಡಿದೆಯಾ ನನ್ನ ಎಣ್ಣೆ ಅಂದಿರಿ. ಬಾಯಿ ತುದಿಗೆ ಬಂದಿತ್ತು, ನುಂಗಿದೆ. ಡೊಂಬಿವಲಿಯಲ್ಲಿ ಹೊಟೇಲಿನವರ ಕೂಟಕ್ಕೆ ಹೋಗಿ ನಿಮ್ಮ ಎಣ್ಣೆಯ ಮಹಿಮೆ ಹೇಳಿ ಬಂದಿರಿ, ಅಲ್ಲಿ ಹೊಟೇಲು ನಡೆಸುವ ಜಲಜಾಕ್ಷಿಯ ಗಂಡ ಅದನ್ನು ಕೇಳಿಕೊಂಡು ತಾನೂ ಎರಡು ಎಮ್ಮೆ ಕಟ್ಟುತ್ತೇನೆ ಅಂದನಂತೆ. ಆಗಲೂ ನುಂಗಿದೆ. ಹಾಲು ಸರಿಯಾಗಿದೆ, ದನ ಗಬ್ಬ ಆಗಿದೆ, ಮನುಷ್ಯ ಖುಷಿಯಲ್ಲಿದ್ದಾನೆ, ಹೆಸರು ಯಾರದಾದರೆ ನನಗೇನು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ನಮ್ಮ ಸೊಸೆ ದಿಶಾಗೂ ಅದೇ ಸಮಯಕ್ಕೆ ದಿನ ತುಂಬುತ್ತಿತ್ತು. ಬೊಳ್ಳಿಗೂ ನನಗೂ ಒಟ್ಟಿಗೇ ಆಗುತ್ತದೆ ಮಮ್ಮಿ ಅಂತ ಆ ಹುಡುಗಿ ಹಿಂದಿಯಲ್ಲಿ ತಮಾಷೆ ಮಾಡುತ್ತಿದ್ದಳು. ಆ ತಮಾಷೆ ನಿಮ್ಮ ತಲೆಗೆ ಹೋಗಿ ಕೂತಿತು.

ದೀಪಾವಳಿ ಕಳೆದ ಮೇಲೆ ಘೋಡಬಂದರ್ ರಸ್ತೆಯಲ್ಲಿ ರಂಜನನ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ದಿಶಾಳ ಬಯಕೆ ಮಾಡಿದೆವು. ಬಸುರಿ ಏನು ಬಯಸುತ್ತಾಳೋ ಅದನ್ನೆಲ್ಲ ಎಲೆ ತುಂಬ ಬಡಿಸಬೇಕು ಅಂತ ನೀವು ನಿಮ್ಮ ಕೈಯಾರೆ ಹೋಳಿಗೆ ತಟ್ಟಿದಿರಿ, ಸುಕ್ರುಂಡೆ ಕರಿದಿರಿ, ಚಕ್ಕುಲಿ ಒತ್ತಿದಿರಿ. ಆ ಹುಡುಗಿಯ ತಾಯಿಗೆ ಕಣ್ಣಲ್ಲಿ ನೀರು ಬಂತು. ನನಗೂ ನಿಮ್ಮ ಮೇಲೆ ಪ್ರೀತಿ ಉಕ್ಕಿತು, ಅದನ್ನೂ ಬರೆಯಬೇಕು. ದಿಶಾಳ ಕಾಲು ಬಾತಿತ್ತು, ನಾನು ನಾಲ್ಕು ದಿನ ಅಲ್ಲೇ ಉಳಿಯುವುದು ಅಂತ ಮಾಡಿದೆ.

ಮಾರನೇ ದಿನ ಉಳಿದ ತಿಂಡಿಯನ್ನೆಲ್ಲ ಟೆಂಪೊದಲ್ಲಿ ಹಾಕಿಸಿಕೊಂಡು ನೀವು ಇಲ್ಲಿಗೆ ಬಂದಿರಿ. ಬೊಳ್ಳಿಗೂ ಬಯಕೆ ಮಾಡಬೇಕು ಅಂತ. ಹಣೆಗೆ ಕುಂಕುಮ ಇಟ್ಟಿರಿ, ಕೊರಳಿಗೆ ಮಲ್ಲಿಗೆ ಕಟ್ಟಿದಿರಿ, ಹೋಳಿಗೆ, ಅನ್ನ, ಸುಕ್ರುಂಡೆ ಎಲ್ಲ ಬಾನಿಗೆ ಸುರಿದು, ಬಸುರಿಗೆ ಕಡಿಮೆ ಆಗಬಾರದು ಅಂತ ಮೇಲಿಂದ ಟಿನ್ನಿನ ಎಣ್ಣೆ ಹೊಯ್ದಿರಿ. ಮಹಾದೇವಪ್ಪ ಬ್ಯಾಡ್ರಿ ಯಜಮಾನ್ರ ಅಂದನಂತೆ. ಯಾಕೆ ಬೇಡ ಅಂತ ಹೇಳಲು ಅವನಿಂದ ಆಗಲಿಲ್ಲ, ಹೇಳಿದರೆ ನನ್ನ ಗುಟ್ಟು ಹೊರಗೆ ಬೀಳುತ್ತಿತ್ತು. ದಿನಾ ತಿನ್ನುವುದನ್ನೇ ಸ್ವಲ್ಪ ಜಾಸ್ತಿ ಕೊಟ್ಟರೆ ಏನಾಗುತ್ತದೆ ಅಂತ ನೀವು ಅವನನ್ನು ಗದರಿದಿರಿ. ಬೊಳ್ಳಿಗೆ ಅದು ದಿನಾ ತಿನ್ನುವುದಲ್ಲ ಅಂತ ನಿಮಗೆ ಗೊತ್ತಿರಲಿಲ್ಲ.

ಅದರ ಫೋಟೊ ತೆಗೆಸಿ ನೀವು ರಂಜನನ ಮೊಬೈಲಿಗೆ ಕಳಿಸಿದಿರಿ. ದಿಶಾ ನಗುತ್ತಾ ತಂದು ತೋರಿಸಿದಳು. ಬೊಳ್ಳಿಯ ಮೂತಿ ತುಂಬ ಹೋಳಿಗೆ, ಬಾನಿಯಲ್ಲಿ ಎಣ್ಣೆ ಹೊಳೆಯುತ್ತಿದೆ, ಪಕ್ಕದಲ್ಲಿ ನೀವು ಹಲ್ಲು ಬಿಟ್ಟು ನಿಂತಿದ್ದೀರಿ. ಸೀರೆ ಸಹ ಬದಲಾಯಿಸದೆ ರಿಕ್ಷಾ ಹಿಡಿದು ಥಾಣೆ ಸ್ಟೇಷನ್ನಿಗೆ ಬಂದು ಲೋಕಲ್ ಹತ್ತಿದೆ. ಕಳವಾ ದಾಟಿದ ಮೇಲೆ ಗಾಡಿ ನಿಂತುಬಿಟ್ಟಿತು. ಸಿಗ್ನಲ್ ಇಲ್ಲವಂತೆ. ಬಾಗಿಲಲ್ಲಿ ನಿಂತು ನಿಮ್ಮನ್ನು ಬೈದೆ, ರೈಲನ್ನು ಬೈದೆ, ಪಕ್ಕದಲ್ಲಿದ್ದ ಹೆಂಗಸರು ಜಾಗ ಬಿಟ್ಟು ಸರಿದರು.

ನಾನು ಮುಟ್ಟುವಾಗ ಬೊಳ್ಳಿ ನೆಲ ಹಿಡಿದಿತ್ತು. ಹೊಟ್ಟೆ ತಮಟೆ ಬಿಗಿದ ಹಾಗೆ, ಕಣ್ಣು ಒಳಗೆ, ಹಲ್ಲು ಕಡಿಯುತ್ತಿತ್ತು. ಡಾಕ್ಟರು ಬಂದರು, ಸೋಡಾ ಕದಡಿ ಹೊಟ್ಟೆಗೆ ಇಳಿಸಿದರು, ಸೂಜಿ ಚುಚ್ಚಿ ಗಾಳಿ ತೆಗೆದರು. ಒಳಗೆಲ್ಲ ಹುಳಿಯಾಗಿ ಆ ಹುಳಿ ರಕ್ತಕ್ಕೆ ಸೇರಿದೆ ಅಂದರು. ಏನು ತಿನ್ನಿಸಿದ್ದು ಅಂತ ಕೇಳಿದರು, ನೀವು ಕೊರಳಿನ ಮಲ್ಲಿಗೆ ಬಿಚ್ಚುತ್ತಾ ಕೂತಿರಿ. ಮರುದಿನ ಕರು ಬಿತ್ತು. ಹೆಣ್ಣು. ಮೈ ತುಂಬ ಕೂದಲು ಬಂದಿತ್ತು, ಉಸಿರು ಇರಲಿಲ್ಲ. ಬೊಳ್ಳಿ ಅದನ್ನು ನೆಕ್ಕಲು ಕತ್ತು ಎತ್ತಿತು, ಆಗಲಿಲ್ಲ. ಕರುವನ್ನು ನಾನೇ ಅದರ ಮೂತಿಯ ಹತ್ತಿರ ಎಳೆದು ಇಟ್ಟೆ. ಸಂಜೆಗೆ ಅದೂ ಹೋಯಿತು.

ಅದರ ತಲೆ ಅಷ್ಟು ಹೊತ್ತೂ ನಿಮ್ಮ ತೊಡೆಯ ಮೇಲಿತ್ತು. ನೀವು ಅತ್ತಿರಿ. ನಿಮ್ಮ ಅಮ್ಮ ಹೋದಾಗ ಕೂಡ ನೀವು ಹಾಗೆ ಅತ್ತದ್ದನ್ನು ನಾನು ನೋಡಿಲ್ಲ. ಎದ್ದ ಮೇಲೆ ಮುಖ ಒರೆಸಿಕೊಂಡು ಒಂದೇ ಮಾತು ಹೇಳಿದಿರಿ: “ಬಸುರಿ ಸತ್ತ ಕೊಟ್ಟಿಗೆ ಇದು. ದಿಶಾಳ ಹೆರಿಗೆಗೆ ಮೊದಲು ಇಲ್ಲಿ ಒಂದು ದನವೂ ಇರಬಾರದು.”

ನಾನು ಆಗಲೇ ಎಣ್ಣೆಯ ಕಥೆ ಹೇಳಿದೆ. ಸಾಬೂನಿನವನ ಕಥೆಯನ್ನೂ ಹೇಳಿದೆ. ನೀವು ಕೇಳಿಸಿಕೊಂಡ ಹಾಗೆ ಮಾಡಲಿಲ್ಲ. ಯಾರ ದೃಷ್ಟಿಯೋ, ಯಾವ ದೈವದ ಮುನಿಸೋ ಅಂತ ಗೊಣಗುತ್ತಾ ಕಿಟ್ಟಣ್ಣನ ಟೆಂಪೊ ಹತ್ತಿ ಹೋದಿರಿ. ಅವತ್ತಿನಿಂದ ಈ ಕಡೆ ತಲೆ ಹಾಕಿಲ್ಲ, ನನ್ನ ಫೋನು ಎತ್ತುವುದಿಲ್ಲ. ಆದರೆ ಎಣ್ಣೆಯ ಟಿನ್ನು ಮಾತ್ರ ದಿನಾ ಬೆಳಿಗ್ಗೆ ಬರುತ್ತಿದೆ. ನಿಲ್ಲಿಸಿ ಅಂತ ನೀವು ಕಿಟ್ಟಣ್ಣನಿಗೆ ಹೇಳಿಲ್ಲ. ಯಾಕೆ ಹೇಳಿಲ್ಲ ಅಂತ ನನಗೆ ಗೊತ್ತು. ನಿಲ್ಲಿಸಿದರೆ ತಪ್ಪು ಎಣ್ಣೆಯದು ಅಂತ ಒಪ್ಪಿದ ಹಾಗೆ.

ನೋಡಿ, ನೇರ ಹೇಳುತ್ತೇನೆ. ಶಾಪ ಅಂದರೆ ನಿಮಗೆ ಸುಲಭ. ಶಾಪ ಆದರೆ ನಿಮ್ಮ ಕೈ ಶುದ್ಧ, ದನಗಳು ಹೋಗಬೇಕು. ಎಣ್ಣೆ ಅಂತ ಒಪ್ಪಿದರೆ ದನಗಳು ಉಳಿಯುತ್ತವೆ, ಆದರೆ ಬೊಳ್ಳಿಯನ್ನು ಕೊಂದದ್ದು ನಿಮ್ಮ ಹೋಳಿಗೆ ಅಂತ ಹೊತ್ತುಕೊಂಡು ಬದುಕಬೇಕು. ನೀವು ಮೊದಲನೆಯದನ್ನು ಆರಿಸಿಕೊಂಡಿದ್ದೀರಿ. ಸಿಟ್ಟು ಬರುತ್ತಿದೆಯಾ, ಬರಲಿ. ಎರಡನೆಯದನ್ನು ನೀವೊಬ್ಬರೇ ಹೊರಬೇಕು ಅಂತ ನಾನು ಹೇಳುವುದಿಲ್ಲ. ನಾನು ಬಾಯಿ ಬಿಟ್ಟಿದ್ದರೆ ನೀವು ಟಿನ್ನು ಮುಟ್ಟುತ್ತಿರಲಿಲ್ಲ. ಅರ್ಧ ನನಗೆ ಇರಲಿ. ಇಬ್ಬರೂ ಹೊರೋಣ, ಬೇರೆ ಏನೆಲ್ಲ ಹೊತ್ತಿಲ್ಲ ನಾವು. ಆದರೆ ಮುತ್ತು, ಸಂಪಿಗೆ ಯಾಕೆ ಹೊರಬೇಕು?

ಮೊಮ್ಮಗುವಿಗೆ ಏನಾದರೂ ಆದರೆ ಅನ್ನುವ ಹೆದರಿಕೆ ನಿಮಗೆ. ನನಗೂ ಇದೆ, ನಾನೂ ಅಜ್ಜಿಯೇ. ಆದರೆ ದಿಶಾ ಆಸ್ಪತ್ರೆಗೆ ಹೋಗುತ್ತಿದ್ದಾಳೆ, ಮಾತ್ರೆ ತಿನ್ನುತ್ತಿದ್ದಾಳೆ, ಅವಳ ಬಿ.ಪಿ. ಈಗ ಇಳಿದಿದೆ. ಬೊಳ್ಳಿ ಹೇಗಿದೆ ಅಂತ ಅವಳು ದಿನಾ ಕೇಳುತ್ತಿದ್ದಳು, ಮೊನ್ನೆ ತನಕ ಚೆನ್ನಾಗಿದೆ ಅನ್ನುತ್ತಿದ್ದೆ. ಮೊನ್ನೆ ಸುಳ್ಳು ಬಾಯಿಗೆ ಬರಲಿಲ್ಲ, ಎಲ್ಲ ಹೇಳಿಬಿಟ್ಟೆ, ದಲಾಲಿಯ ವಿಷಯವನ್ನೂ. ಬಹಳ ಹೊತ್ತು ಅತ್ತಳು. ಆಮೇಲೆ ಆ ಹುಡುಗಿ, ಕನ್ನಡ ಬಾರದ ಹುಡುಗಿ, ತಡವರಿಸಿಕೊಂಡು ಕನ್ನಡದಲ್ಲೇ ಅಂದಳು: “ಪಪ್ಪನಿಗೆ ಹೇಳಿ. ನನ್ನ ಮಗು ಹೆಸರು ಹೇಳಿ ಯಾರನ್ನೂ ಕಳಿಸಬೇಡಿ.” ಅವಳು ಅಂದದ್ದನ್ನು ಹಾಗೇ ಬರೆದಿದ್ದೇನೆ.

ತುಂಬೆಯನ್ನು ಕೊಟ್ಟಾಗ, ಅದು ಘಟ್ಟದ ಮೇಲೆ ಸಾಕುವವರ ಮನೆಗೆ ಹೋಗುತ್ತದೆ ಅಂದಿದ್ದಿರಿ. ಈಗ ಕಿಟ್ಟಣ್ಣನ ಬಾಯಲ್ಲೂ ಅದನ್ನೇ ಹೇಳಿಸಿದ್ದೀರಿ. ಆಗ ನಾನು ನಂಬಿದ ಹಾಗೆ ಇದ್ದೆ. ನೀವೂ ನಂಬಿದ ಹಾಗೆ ಇದ್ದಿರಿ. ಆ ಮನೆಯವರು ಯಾರು, ಯಾವ ಊರು ಅಂತ ಇಬ್ಬರಲ್ಲಿ ಒಬ್ಬರಾದರೂ ಕೇಳಿದೆವಾ?

ಬೇಡುವುದು ನನಗೆ ಒಗ್ಗುವುದಿಲ್ಲ, ಆದರೂ ಬೇಡುತ್ತೇನೆ. ದಲಾಲಿಗೆ ಒಂದು ಫೋನು ಮಾಡಿ, ಬೇಡ ಅನ್ನಿ. ನಿಮಗೆ ಈ ಕೊಟ್ಟಿಗೆ ನೋಡಲು ಆಗದಿದ್ದರೆ ಬರಬೇಡಿ, ನಾನು ನೋಡಿಕೊಳ್ಳುತ್ತೇನೆ. ಇಲ್ಲಿಯ ಹಾಲು ಹೊಟೇಲಿಗೆ ಬೇಡವಾದರೆ ಅಕ್ಕಪಕ್ಕದವರಿಗೆ ಹಾಕುತ್ತೇನೆ. ಮುತ್ತು ಈಗ ನನ್ನ ಕಿಟಕಿಯ ಹೊರಗೆ ಕೂತು ಮೆಲುಕು ಹಾಕುತ್ತಿದೆ, ಬರೆಯುತ್ತಾ ಬರೆಯುತ್ತಾ ಕೇಳಿಸುತ್ತಿದೆ. ಆ ಸದ್ದು ನಿಂತ ಕೊಟ್ಟಿಗೆಯಲ್ಲಿ ನಾನು ಇದ್ದವಳು. ಇನ್ನೊಮ್ಮೆ ಇರಲಾರೆ.

ನಾಳೆ ಬೆಳಿಗ್ಗೆ ಕಿಟ್ಟಣ್ಣ ಬಂದಾಗ ಈ ಕಾಗದ ಕೊಟ್ಟು ಕಳಿಸುತ್ತೇನೆ. ಹೊಟೇಲಿನ ಗದ್ದಲದಲ್ಲಿ ಓದಬೇಡಿ, ಮನೆಗೆ ಹೋಗಿ ಓದಿ. ಊಟ ಬಿಡಬೇಡಿ, ಗ್ಯಾಸಿನ ಮಾತ್ರೆ ನಿಮ್ಮ ಕಪಾಟಿನಲ್ಲಿ ಎಡಗಡೆ ಇದೆ.

ಸಿಟ್ಟಿನಲ್ಲಿದ್ದರೂ ನಿಮ್ಮವಳೇ,
ರತ್ನಾವತಿ

ತಾ.ಕ.: ಭಾನುವಾರ ಬೆಳಿಗ್ಗೆ. ದಲಾಲಿಯ ಟೆಂಪೊ ಇವತ್ತೇ ಬಂತು. ನನಗೆ ಸೋಮವಾರ, ಅವನಿಗೆ ಭಾನುವಾರ ಅಂತ ಹೇಳಿದ್ದೀರಿ. ನಾನು ಅಡ್ಡ ನಿಲ್ಲುತ್ತೇನೆ ಅಂತ ನಿಮಗೆ ಗೊತ್ತಿತ್ತು. ಎರಡು ದನ ಗಬ್ಬ ಇವೆ ಅಂತ ಅವನಿಗೆ ಹೇಳಿದೆ. ಒಳ್ಳೆಯದೇ ಆಯಿತು ಅಮ್ಮ, ತೂಕ ಜಾಸ್ತಿ ಬರುತ್ತದೆ ಅಂದ. ಸಾಕುವವರಿಗೆ ತೂಕ ಯಾಕೆ ಅಂತ ಕೇಳಿದೆ, ಅವನು ಹಗ್ಗ ಬಿಚ್ಚುತ್ತಿದ್ದ. ಮೂರನ್ನೂ ಹತ್ತಿಸಿದ್ದಾನೆ. ನಾನೂ ಹಿಂದೆ ಅವುಗಳ ಜೊತೆ ಹತ್ತಿ ಕೂತಿದ್ದೇನೆ, ಕಾಗದದ ಈ ಸಾಲುಗಳನ್ನು ಅಲ್ಲೇ ಬರೆಯುತ್ತಿದ್ದೇನೆ. ಇಳಿಯಿರಿ ಅಂತ ಬೈಯುತ್ತಿದ್ದಾನೆ, ಇಳಿಯುವುದಿಲ್ಲ. ಕಿಟ್ಟಣ್ಣ ಕೆಳಗೆ ಕೈ ಚಾಚಿ ನಿಂತಿದ್ದಾನೆ, ಕಾಗದ ಅವನಿಗೆ ಕೊಡುತ್ತೇನೆ. ಸಾಕುವವರ ಮನೆ ನಾನೂ ನೋಡಿಕೊಂಡು ಬರುತ್ತೇನೆ. ನನ್ನ ಹತ್ತಿರ ಫೋನು ಇದೆ. ನಾವು ಎಲ್ಲಿಗೆ ಹೋಗುತ್ತಿದ್ದೇವೆ ಅಂತ ನಿಮಗೆ ಗೊತ್ತಿದ್ದರೆ, ಅಲ್ಲಿಗೆ ಮುಟ್ಟುವ ಮೊದಲು ಫೋನ್ ಮಾಡಿ.